ತುಳಸಿಗೆ ಒಂಬತ್ತು ವ್ಯಾಟಿನ ಸೂರ್ಯ

ಯಾವುದಾದರೂ ವಿಷಯದಲ್ಲಿ ಪರಿಣತನಾದವನು ಆ ವಿಷಯವನ್ನು ಮನೆಯೊಳಗೆ ತರಬಾರದು. ಅಡುಗೆಭಟ್ಟರು ಮನೆಯಲ್ಲಿ ಸೌಟು ಮುಟ್ಟುವುದಿಲ್ಲ, ಮೇಷ್ಟರು ಸ್ವಂತ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುವುದಿಲ್ಲ. ಈ ವಿವೇಕ ನನಗಿರಲಿಲ್ಲ. ನಾನು ಬೆಳಕಿನ ಎಂಜಿನಿಯರು. ಡಚ್ಚರ ನಾಡಿನ ಐಂಡ್‌ಹೋವನ್ ಎಂಬ ಊರಿನ ಒಂದು ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ಎಲ್‌ಇಡಿ ದೀಪಗಳ ಬೆಳಕನ್ನು ಅಳೆಯುತ್ತ ಕೂತಿದ್ದೇನೆ. ಯಾವ ಬೀದಿದೀಪ ಎಷ್ಟು ದೂರ ಬೆಳಗುತ್ತದೆ, ಆಸ್ಪತ್ರೆಯ ಪಡಸಾಲೆಯಲ್ಲಿ ಯಾವುದು ಕಣ್ಣಿಗೆ ಚುಚ್ಚುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇಂಥ ನಾನು ಒಂದು ತುಳಸಿ ಗಿಡವನ್ನು ಉಳಿಸಿಕೊಳ್ಳುವುದಕ್ಕಾಗಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಗಾಂಜಾ ಬೆಳೆಯುವ ಒಬ್ಬ ನಿವೃತ್ತ ಬಸ್ ಡ್ರೈವರರ ಶಿಷ್ಯನಾಗಬೇಕಾಯಿತು. ಹೇಗೆ ಎಂದು ಹೇಳುತ್ತೇನೆ, ನಗಬೇಡಿ. ನಗುವವರು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ.

ನನ್ನ ಹೆಂಡತಿ ವೀಣಾ ಉಡುಪಿಯವಳು. ಉತ್ಥಾನ ದ್ವಾದಶಿಯ ದಿನ ತುಳಸಿ ಪೂಜೆ ತಪ್ಪಿಸಿದವಳಲ್ಲ. ಇಲ್ಲಿಗೆ ಬಂದ ಮೇಲೆ ಡೆಲ್ಫ್ಟಿನ ಗೆಳತಿಯೊಬ್ಬಳು ಪ್ರತಿ ವಸಂತದಲ್ಲಿ ಒಂದು ತುಳಸಿ ಸಸಿ ಕೊಡುತ್ತಾಳೆ. ಬೇಸಿಗೆಯಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. ಪೂಜೆ ಬರುವುದು ನವೆಂಬರಿನಲ್ಲಿ, ಗಿಡ ಸಾಯುವುದು ಅಕ್ಟೋಬರಿನಲ್ಲಿ. ಸಂಜೆ ಐದಕ್ಕೆಲ್ಲ ಕತ್ತಲಾಗುವ ಊರಿನಲ್ಲಿ ಪಾಪ ಅದಾದರೂ ಏನು ಮಾಡೀತು? ವರ್ಷ ವರ್ಷವೂ ಹೀಗೇ ಆಯಿತು, ವೀಣಾ ಒಣಗಿದ ಗಿಡಕ್ಕೇ ಪೂಜೆ ಮಾಡಿದಳು. ಕಳೆದ ವರ್ಷ ಪೂಜೆಯ ಹೊತ್ತಿಗೆ ಕುಂಡದಲ್ಲಿ ಬರೀ ಕಡ್ಡಿ ಉಳಿದಾಗ ನಾನು ತಲೆ ಓಡಿಸಿದೆ. ಸೂಪರ್‌ಮಾರ್ಕೆಟ್ಟಿಗೆ ಸೈಕಲ್ ತುಳಿದುಕೊಂಡು ಹೋಗಿ ಒಂದು ಬೇಸಿಲ್ ಕುಂಡ ತಂದು, ಅದರ ಪ್ಲಾಸ್ಟಿಕ್ ಕವರು ಕಿತ್ತು, ಹಿತ್ತಾಳೆಯ ಚೊಂಬಿನಲ್ಲಿ ಕೂರಿಸಿದೆ. "ಎರಡೂ ಒಂದೇ ಕುಟುಂಬದ್ದು" ಎಂದು ಸಸ್ಯಶಾಸ್ತ್ರವನ್ನೂ ಹೇಳಿದೆ. ಹನ್ನೊಂದು ವರ್ಷದ ಮಗಳು ಇಶಾ ಮೂಗು ಹತ್ತಿರ ತಂದು, "ಪಪ್ಪಾ, ಇಟ್ ಸ್ಮೆಲ್ಸ್ ಲೈಕ್ ಪಿಜ್ಜಾ" ಎಂದಳು.

ವೀಣಾ ಆರತಿ ಮುಗಿಸಿದಳು. ಆಮೇಲೆ ತಟ್ಟೆ ಕೆಳಗಿಟ್ಟು ಹೇಳಿದಳು: "ನಾನು ದೇವರ ಹತ್ರ ಕ್ಷಮೆ ಕೇಳಿ ಆಯ್ತು. ನಿಮ್ಮದು ನೀವೇ ಕೇಳಿಕೊಳ್ಳಿ. ಬರುವ ವರ್ಷ ಗಿಡ ಉಳಿಯದಿದ್ರೆ ಪೂಜೆಯೇ ಬೇಡ ಮಾರಾಯ್ರೆ. ಪಾಸ್ತಾಕ್ಕೆ ಹಾಕುವ ಸೊಪ್ಪಿಗೆ ಇನ್ನೊಮ್ಮೆ ಆರತಿ ಎತ್ತಲಿಕ್ಕೆ ನನ್ನಿಂದ ಆಗುದಿಲ್ಲ." ಚಿಕ್ಕಂದಿನಿಂದ ಒಂದು ವರ್ಷವೂ ಬಿಡದ ಪೂಜೆಯನ್ನು ಬಿಡುತ್ತೇನೆ ಎನ್ನುತ್ತಿದ್ದಾಳೆ ಎಂದು ತಿಳಿದಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು. "ಮುಂದಿನ ವರ್ಷದ ಗಿಡ ನನ್ನ ಜವಾಬ್ದಾರಿ. ಇಷ್ಟಕ್ಕೂ ನಾನು ಬೆಳಕಿನ ಮನುಷ್ಯ" ಎಂದು ಎದೆ ತಟ್ಟಿಕೊಂಡೆ. ಆ ಎರಡನೆಯ ವಾಕ್ಯ ಬೇಡವಾಗಿತ್ತು.

ಈ ಸಲ ಸೆಪ್ಟೆಂಬರಿನಲ್ಲೇ ಕೆಲಸ ಶುರುಮಾಡಿದೆ. ಗಿಡಗಳಿಗೆ ಮುಖ್ಯವಾಗಿ ಕೆಂಪು ಮತ್ತು ನೀಲಿ ಬೆಳಕು ಬೇಕು ಎಂದು ಎಲ್ಲೋ ಓದಿ, ಗಿಡ ಬೆಳೆಸುವುದಕ್ಕೆಂದೇ ಮಾಡಿದ ನೇರಳೆ ಬಣ್ಣದ ದೀಪ ತರಿಸಿದೆ. ಕುಂಡದಲ್ಲಿ ಒಂದು ಮರದ ಕೋಲು ನೆಟ್ಟು, ಅದಕ್ಕೆ ಕಚೇರಿಯ ಹಳೆಯ ಬೆಳಕಿನ ಮೀಟರನ್ನು ಕಟ್ಟಿದೆ. ಗಿಡ ಒಂದು ಕಡೆಗೆ ವಾಲುತ್ತಿತ್ತಾದ್ದರಿಂದ ಅದನ್ನೂ ಅದೇ ಕೋಲಿಗೆ ಬಿಗಿದೆ. ನಮ್ಮ ಬೀದಿಯಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಎಳೆದರೆ ಮುಚ್ಚಿಡುವಂಥದ್ದು ಏನೋ ಇದೆ ಎಂದು ಅರ್ಥ. ಹಾಗಾಗಿ ನಮ್ಮ ಹಾಲಿನ ದೊಡ್ಡ ಗಾಜಿನಿಂದ ನೇರಳೆ ಬೆಳಕು ಹೊರಬಿದ್ದು ಎದುರಿನ ಕಾರುಗಳಿಗೆಲ್ಲ ಬಣ್ಣ ಬಳಿಯಿತು. ಅಲ್ಲಿಯವರೆಗೆ ಹವಾಮಾನ ಬಿಟ್ಟು ಬೇರೇನೂ ಮಾತಾಡದಿದ್ದ ಮೂಲೆಮನೆಯ ಹೆಂಗಸು, ನಾಯಿ ಹಿಡಿದುಕೊಂಡು ಹೋಗುವಾಗ ನನ್ನತ್ತ ಹೆಬ್ಬೆರಳೆತ್ತಿದರು. ಬೆಳಕಿನ ವಿನ್ಯಾಸವನ್ನು ಮೆಚ್ಚಿದರು ಎಂದುಕೊಂಡು ನಾನೂ ಎತ್ತಿದೆ.

ಮೂರನೆಯ ದಿನ ಪಕ್ಕದ ಮನೆಯ ಹೆಂಕ್ ಬೆಲ್ ಒತ್ತಿದರು. ಎಪ್ಪತ್ತು ದಾಟಿದವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಗೆಗೆ ಏಳು ವರ್ಷ ಹಿಡಿದಿದೆ. ಒಳಗೆ ಬಂದವರೇ ದನಿ ತಗ್ಗಿಸಿ, "ಎಷ್ಟು ಗಿಡ?" ಎಂದರು. "ಒಂದೇ" ಎಂದೆ. "ಒಂದಕ್ಕೆ ಇಷ್ಟೊಂದು ಮೆರವಣಿಗೆಯೇ? ಐದು ಗಿಡದ ತನಕ ಇಲ್ಲಿ ಪೊಲೀಸರು ಕಣ್ಣುಮುಚ್ಚಿಕೊಳ್ಳುತ್ತಾರಪ್ಪ. ನೀನು ಈ ದೀಪ ಹಾಕಿ ಅವರ ಕಣ್ಣು ತೆರೆಸುತ್ತೀಯ." ಆಮೇಲೆ ಕುಂಡದ ಹತ್ತಿರ ಬಗ್ಗಿ, ಹುಬ್ಬು ಗಂಟಿಕ್ಕಿ, "ಇದು ಯಾವ ತಳಿ?" ಎಂದು ಕೇಳಿದರು. ವೀಣಾ ತಣ್ಣಗೆ, "ಇದು ದೇವರು" ಎಂದಳು. ಹೆಂಕ್ ತಕ್ಷಣ ತಲೆಯ ಮೇಲಿನ ಟೋಪಿ ತೆಗೆದರು. ಆ ಗಳಿಗೆಯಿಂದ ಅವಳಿಗೆ ಅವರ ಮೇಲೆ ಅಭಿಮಾನ ಹುಟ್ಟಿತು.

ಇಂಥ ನೇರಳೆ ಬೆಳಕು ಕಂಡರೆ ಒಳಗೆ ಗಾಂಜಾ ಬೆಳೆಯುತ್ತಿದೆ ಎಂದೇ ಇಲ್ಲಿ ಲೆಕ್ಕವಂತೆ. ಅವರೇ ನನ್ನನ್ನು ಕರೆದುಕೊಂಡು ಹೋಗಿ ಮೆಟ್ಟಿಲ ಕೆಳಗಿನ ತಮ್ಮ ಕಪಾಟು ತೋರಿಸಿದರು. ಪೊರಕೆ, ಇಸ್ತ್ರಿ ಮಣೆ ಇಡುವ ಜಾಗ. ಗೋಡೆಗೆ ಬಿಳಿ ಸುಣ್ಣ, ಎರಡು ಗಿಡ, ಮೇಲೆ ನಾಲ್ಕು ಸಾದಾ ಬಲ್ಬು. ಅಡುಗೆಮನೆಗೂ ಬಚ್ಚಲಿಗೂ ಹಾಕುತ್ತೇವಲ್ಲ, ಅದೇ ಒಂಬತ್ತು ವ್ಯಾಟಿನ ಬಿಳಿ ಎಲ್‌ಇಡಿ. ಮಂಡಿನೋವಿಗೆ ಇದೇ ತನಗೆ ಔಷಧ, ಇಷ್ಟು ಸಣ್ಣ ಬಲ್ಬು ಉರಿಸಿದರೆ ಯಾರೂ ತನ್ನನ್ನು ವ್ಯಾಪಾರಿ ಎನ್ನಲಾರರು ಎಂಬುದು ಅವರ ನಂಬಿಕೆ. ನಿಜ ಹೇಳಬೇಕೆಂದರೆ ನನಗೆ ಗಿಡಕ್ಕಿಂತ ಬಲ್ಬಿನ ಮೇಲೇ ಕುತೂಹಲ. ಮನೆಗೆ ಓಡಿ ಮೀಟರು ತಂದು ಕಪಾಟಿನೊಳಗೆ ತಲೆ ತೂರಿಸಿದೆ. ಬಿಳಿ ಬೆಳಕಿನಲ್ಲಿ ಕೆಂಪೂ ಇದೆ, ನೀಲಿಯೂ ಇದೆ. ಇದನ್ನು ಕಚೇರಿಗೆ ಹೊಸದಾಗಿ ಸೇರಿದವರಿಗೆಲ್ಲ ಬೋರ್ಡಿನ ಮೇಲೆ ಬರೆದು ವಿವರಿಸುವವನು ನಾನೇ! ಬಲ್ಬು ಗಿಡಕ್ಕೆ ಒಂದು ಗೇಣು ದೂರದಲ್ಲಿದ್ದರೆ ಧಾರಾಳ ಬೆಳಕು, ಮೂರು ಗೇಣು ಆದರೆ ಬರೀ ಶಾಸ್ತ್ರಕ್ಕೆ. "ಎಷ್ಟು ದೂರ ಇಡಬೇಕೆಂದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ. ಹೆಂಕ್ ಬಲ್ಬಿನ ಕೆಳಗೆ ಅಂಗೈ ಹಿಡಿದು, "ಕೈಗೆ ಹಿತವಾದರೆ ಗಿಡಕ್ಕೂ ಹಿತ" ಎಂದರು. ನಾನು ಮೀಟರನ್ನು ಜೇಬಿಗೆ ಹಾಕಿಕೊಂಡೆ.

ನೇರಳೆ ದೀಪ ಅಟ್ಟ ಸೇರಿತು, ನಾಲ್ಕು ಬಲ್ಬು ಬಂದವು. ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ನಾನು ಲೆಕ್ಕ ಹಾಕಿದೆ. ಬಲ್ಬು ಎಷ್ಟಾದರೂ ಸೂರ್ಯನಲ್ಲ, ಅದರ ಕೊರತೆಯನ್ನು ಹೊತ್ತಿನಲ್ಲಿ ತುಂಬಬೇಕು. ಅಂದರೆ ಇಪ್ಪತ್ತನಾಲ್ಕು ಗಂಟೆಯೂ ಉರಿಸಬೇಕು. ಈ ನನ್ನ ಲೆಕ್ಕಕ್ಕೆ ವೀಣಾಳ ಭಕ್ತಿಯೂ ಸೇರಿಕೊಂಡಿತು. ತುಳಸಿಯ ಮುಂದೆ ದೀಪ ಆರಬಾರದು ಎಂದು ಬೆಳೆದವಳು ಅವಳು. "ದೇವರನ್ನು ಕತ್ತಲಲ್ಲಿ ಕೂರಿಸುದುಂಟಾ? ಉರಿಯಲಿ ಬಿಡಿ" ಎಂದಳು. ಹದಿನೈದು ದಿನದಲ್ಲಿ ಎಲೆ ಮುದುಡಿ ಹಳದಿಗೆ ತಿರುಗಿತು. ನಾನು ಗಾಬರಿಯಾಗಿ ಇನ್ನೆರಡು ಬಲ್ಬು ಸೇರಿಸಿದೆ. ಎಲೆ ಉದುರತೊಡಗಿತು. ಪೂಜೆಗೆ ಇಪ್ಪತ್ತು ದಿನ ಉಳಿದಿತ್ತು. ವೀಣಾ ದಿನಾ ಬೆಳಿಗ್ಗೆ ಉದುರಿದ ಎಲೆಗಳನ್ನು ಹೆಕ್ಕಿ, ಎಣಿಸಿ, ದೇವರ ಮುಂದಿಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಕೊನೆಗೆ ಮಾನ ಬಿಟ್ಟು ಹೆಂಕ್ ಅವರನ್ನು ಕರೆತಂದೆ. ಅವರು ಗಿಡ ನೋಡಿದರು, ಆರು ಬಲ್ಬು ನೋಡಿದರು, ನನ್ನನ್ನು ನೋಡಿದರು. ಗಿಡದತ್ತ ಬೆರಳು ತೋರಿಸಿ, "ಇವಳು ಮಲಗುವುದು ಯಾವಾಗ?" ಎಂದರು. ನಾನು ನನ್ನ ಲೆಕ್ಕ ವಿವರಿಸಿದೆ. "ನಾನು ಮೂವತ್ತು ವರ್ಷ ಬಸ್ಸು ಓಡಿಸಿದವನು. ಬಸ್ಸಿಗೂ ಡಿಪೋ ಅಂತ ಒಂದಿರುತ್ತದಪ್ಪ" ಎಂದು ಹೇಳಿ ಅವರೇ ಸ್ವಿಚ್ಚು ಆರಿಸಿದರು.

ಆ ಕತ್ತಲಲ್ಲಿ ನನಗೆ ಅಮ್ಮನ ನೆನಪಾಯಿತು. ನಾನು ಹುಡುಗನಾಗಿದ್ದಾಗ ನೆಗಡಿ ಕಷಾಯಕ್ಕೆಂದು ಮುಸ್ಸಂಜೆ ತುಳಸಿ ಕೊಯ್ಯಲು ಹೋಗಿ ಅವಳಿಂದ ಕೈಮೇಲೆ ಪೆಟ್ಟು ತಿಂದಿದ್ದೆ. "ಮುಟ್ಟಬೇಡ, ಅದು ಮಲಗಿದೆ. ಬೆಳಿಗ್ಗೆ ಎದ್ದ ಮೇಲೆ ಕೇಳಿ ಕೊಯ್ಯಿ" ಎಂದಿದ್ದಳು. ತುಳಸಿಗೆ ನಿದ್ದೆಯುಂಟು ಎನ್ನುವುದು ಎಂಟನೆಯ ವಯಸ್ಸಿನಲ್ಲೇ ನನಗೆ ಗೊತ್ತಿತ್ತು. ನಡುವೆ ಎಂಜಿನಿಯರಿಂಗ್ ಓದಿದ್ದರಿಂದ ಮರೆತುಹೋಗಿತ್ತು. ವೀಣಾಳಿಗೂ ಅದು ಗೊತ್ತಿದ್ದದ್ದೇ. ಅವಳೂ ಬಾಯಿಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ನಾನೂ ಯೋಚಿಸಲೇ ಇಲ್ಲ ಅಲ್ವಾ!" ಎಂದಳು. ಸಂಜೆಯ ಎಣ್ಣೆದೀಪ ಒಂದು ಗಳಿಗೆ, ಆಮೇಲೆ ವಿಶ್ರಾಂತಿ ಎಂದು ತೀರ್ಮಾನವಾಯಿತು. ಕ್ರಿಸ್‌ಮಸ್ ಮರದ ದೀಪಗಳಿಗೆ ಹಾಕುವ ಟೈಮರು ತಂದು ರಾತ್ರಿ ಹತ್ತಕ್ಕೆ ಬಲ್ಬು ಆರುವ ಹಾಗೆ ಮಾಡಿದೆ. ಮೂಡುವ ಹೂವಿನ ಕದಿರನ್ನು ಆಗಾಗ ಚಿವುಟಿದರೆ ಗಿಡ ಪೊದೆಯಾಗುತ್ತದೆ ಎಂದು ಹೆಂಕ್ ಹೇಳಿದರೆ, ತನ್ನ ತಾಯಿಯೂ ಅದನ್ನೇ ಹೇಳುತ್ತಿದ್ದದ್ದು ಎಂದು ವೀಣಾ ಹಿಗ್ಗಿದಳು. ಅವರಿಬ್ಬರೂ ಒಂದು ಪಕ್ಷವಾದರು. ನನಗೆ ನೀರು ಹಾಕುವ ಕೆಲಸವೂ ತಪ್ಪಿತು.

ಗಿಡ ಬದುಕಿತು. ಪೂಜೆಯ ಸಂಜೆ ಹೊಸ ಹಸಿರು ಎಲೆ ತುಂಬಿಕೊಂಡು ನಿಂತಿದ್ದ ತುಳಸಿಯನ್ನು ನೋಡಿ ವೀಣಾಳ ಕಣ್ಣು ಒದ್ದೆಯಾಯಿತು. ಹೆಂಕ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೂಗುಚ್ಛ ಹಿಡಿದು ಬಂದಿದ್ದರು. ಕುಂಡದಲ್ಲಿ ತುಳಸಿಯ ಪಕ್ಕ ನನ್ನ ಮೀಟರಿನ ಕೋಲು ಕೆಂಪು ಬಟ್ಟೆ ಸುತ್ತಿಕೊಂಡು ನಿಂತಿತ್ತು. "ಇವನು ಯಾರು?" ಎಂದು ಕೇಳಿದರು. ಇಶಾ ಡಚ್ಚಿನಲ್ಲಿ ವಿವರಿಸಿದಳು: ಇವತ್ತು ತುಳಸಿಯ ಮದುವೆ, ಗಂಡಿನ ಜಾಗದಲ್ಲಿ ಕಾಯಿ ಬಿಟ್ಟ ನೆಲ್ಲಿಯ ಕೊಂಬೆ ಇಡಬೇಕು, ಅದು ಇಲ್ಲಿ ಸಿಗುವುದಿಲ್ಲ, ಅದಕ್ಕೇ ಪಪ್ಪನ ಕೋಲು. ಹೆಂಕ್ ಬಹಳ ನೊಂದುಕೊಂಡರು. "ಮೊದಲೇ ಹೇಳಬಾರದಿತ್ತೇ? ಆದರೆ ಹೇಳಿದ್ದರೂ ನನ್ನಿಂದ ಆಗುತ್ತಿರಲಿಲ್ಲ. ನನ್ನ ಕಪಾಟಿನಲ್ಲಿ ಇರುವುದೆಲ್ಲ ಹೆಣ್ಣುಗಿಡವೇ. ಗಂಡು ಎಂದು ಗೊತ್ತಾದ ದಿನವೇ ಕಿತ್ತು ಎಸೆಯುತ್ತೇನೆ. ಅದರಿಂದ ಉಪಯೋಗವಿಲ್ಲ, ಇರುವ ಹೆಣ್ಣುಗಿಡಗಳನ್ನೂ ಕೆಡಿಸುತ್ತದೆ" ಎಂದರು. ವೀಣಾ ನಕ್ಕ ರಭಸಕ್ಕೆ ಆರತಿ ತಟ್ಟೆ ಅಲುಗಾಡಿತು.

ಆರತಿಯಾದ ಮೇಲೆ ಹೆಂಕ್ ಕಾಂಡವನ್ನು ಬೆರಳಿನಿಂದ ಒತ್ತಿ ನೋಡಿ, "ಇವಳು ಈಗ ತಾನಾಗಿಯೇ ನಿಲ್ಲುತ್ತಾಳೆ, ಈ ಕೋಲು ಬೇಡ" ಎಂದು ಅದನ್ನು ಕೀಳಲು ಕೈಚಾಚಿದರು. ವೀಣಾ ಅಡ್ಡ ಬಂದಳು. "ಬೇಡ ಹೆಂಕ್, ಇರಲಿ. ಎಂತದೂ ಮಾಡದಿದ್ರೂ ಪಕ್ಕದಲ್ಲಿ ನಿಂತಿರ್ತದೆ" ಎಂದು ಹೇಳಿ, ಒಂದು ಸಲ ನನ್ನ ಕಡೆ ನೋಡಿ, ಕೋಲಿಗೆ ಇನ್ನೊಂದು ಬೊಟ್ಟು ಕುಂಕುಮ ಹಚ್ಚಿದಳು. ಅಂದಿನಿಂದ ನನಗೂ ಆ ಕೋಲಿನ ಮೇಲೆ ಗೌರವ ಬಂದಿದೆ. ದಿನಾ ರಾತ್ರಿ ಹತ್ತಕ್ಕೆ ಟೈಮರು ಟಕ್ಕೆಂದು ಸದ್ದು ಮಾಡಿ ಬಲ್ಬು ಆರಿದ ಕೂಡಲೇ, ಯಾರೂ ಹೇಳದಿದ್ದರೂ, ನಾನೂ ಹೋಗಿ ಮಲಗುತ್ತೇನೆ.