ಕಸಿ ಚಾಕುವಿನ ಕಸಿವಿಸಿ

ಈ ಸಲ ಉಡುಗೊರೆಯನ್ನು ನಾನೇ ಆರಿಸುತ್ತೇನೆ ಎಂದು ಮನೆಯ ನಡುವೆ ನಿಂತು ಘೋಷಿಸಿಬಿಟ್ಟೆ! ಅದೂ ಸೀರೆಯಲ್ಲ, ವಾಚಲ್ಲ. ಮಡಚುವ ಚಾಕು! ಕೊಡಿಗೇಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬೈಕು, ಆಟೋಗಳ ಸೀಟಿಗೆ ರೆಕ್ಸಿನ್ ಹೊದಿಸುತ್ತಿರುವ ಈ ಭೀಮರಾಜನಿಗೆ ಹರಿತ ಎಂದರೇನು ಎಂದು ಯಾರಾದರೂ ಪಾಠ ಮಾಡಬೇಕೆ?

"ನೋಡ್ತಾ ಇರು ಧನೂ, ಅಂಥಾ ಚಾಕು ಇಡೀ ಯಲಹಂಕದಲ್ಲೇ ಇರ್ಬಾರ್ದು!"

ನನ್ನ ಹೆಂಡತಿ ಧನಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ನೀವು ಆರಿಸಿ ತಂದ ಮಿಕ್ಸಿ ಇನ್ನೂ ಅಟ್ಟದ್ ಮೇಲೈತೆ. ಅದರ ಪಕ್ಕ ಜಾಗ ಮಾಡ್ಲಾ?" ಎಂದಳು.

ಚಾಕು ನನ್ನ ಮಗಳಿಗೆ. ಹೆಸರು ಚೌಡೇಶ್ವರಿ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಪದವಿಗೆ ಸೇರಿ ಎರಡು ತಿಂಗಳಾಗಿತ್ತು. ನನಗೆ ಅವಳು ಎಂಜಿನಿಯರ್ ಆಗಬೇಕೆಂಬ ಆಸೆ. ನನ್ನ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಯಾರದೋ ಕಾರುಗಳು ಸಾಲಾಗಿ ನಿಂತಿವೆ. ಇನ್ನು ಈ ಹುಡುಗಿ ಎಲ್ಲಿ ಬೇಸಾಯ ಮಾಡುತ್ತಾಳೆ, ಮೇಲ್ಸೇತುವೆಯ ಕೆಳಗೋ? ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಸೀಟು ಸಿಕ್ಕಿತೆಂದು ಅವಳು ಓಡಿ ಬಂದು ಹೇಳಿದ ದಿನ, ಅಂಗಡಿಯ ಗಿರಾಕಿಗಳ ಎದುರಿಗೇ, "ಮಣ್ ಹೊರೋಕೂ ಡಿಗ್ರಿ ಬೇಕಾ?" ಎಂದುಬಿಟ್ಟಿದ್ದೆ.

ಅವತ್ತಿನಿಂದ ಮಗಳು ನನ್ನೊಡನೆ ಎರಡೇ ಮಾತಿನ ಒಪ್ಪಂದಕ್ಕೆ ಬಂದಳು. "ಹೂಂ." "ಉಹೂಂ." ಊಟಕ್ಕೆ ಬರ್ತೀಯಾ? ಹೂಂ. ಕಾಲೇಜಿಗೆ ಬಿಡ್ಲಾ? ಉಹೂಂ. ಇಷ್ಟರಲ್ಲೇ ಎರಡು ತಿಂಗಳು ಕಳೆದವು. ಕ್ಷಮೆ ಕೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಆಗಲೇ ಅವಳು ತಾಯಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: ಸೋಮವಾರ ಮಾವಿನ ಕಸಿ ಕಟ್ಟುವ ಪ್ರಾಕ್ಟಿಕಲ್, ಎಲ್ಲರೂ ಒಂದೊಂದು ಚಾಕು ತರಬೇಕು. ಬಾಯಿ ಮಾಡಲಾಗದ್ದನ್ನು ಚಾಕು ಮಾಡಲಿ ಎಂದು ಭಾನುವಾರ ಬೆಳಿಗ್ಗೆಯೇ ಯಶವಂತಪುರಕ್ಕೆ ಹೊರಟೆ.

ಅಲ್ಲಿ ಜಹೀರನ ಅಂಗಡಿ. ಕುಡುಗೋಲು, ಕತ್ತರಿ, ಗುದ್ದಲಿ, ಸಕಲ ಕಬ್ಬಿಣದ ಸಾಮ್ರಾಟ ಅವನು. ಕಸಿಗೆ ಎಂದ ಕೂಡಲೇ ಮರದ ಹಿಡಿಯ ಪುಟ್ಟ ಚಾಕೊಂದನ್ನು ಬಿಚ್ಚಿ ತೋರಿಸಿದ.

"ಇದು ತಗೊಳ್ಳಿ ಅಣ್ಣ. ಅಲಗು ತೆಳ್ಳಗಿದೆ, ಒಂದೇ ಕಡೆ ಸಾಣೆ. ಕಾಲೇಜ್ ಮಕ್ಳೆಲ್ಲಾ ಇದೇ ತಗೊಂಡೋಗ್ತಾರೆ."

ಮಕ್ಕಳೆಲ್ಲ ತೆಗೆದುಕೊಂಡು ಹೋಗುವುದನ್ನು ನನ್ನ ಮಗಳಿಗೆ ಕೊಡಲೆ? ಆ ಬಡಪಾಯಿ ಚಾಕು ನನ್ನ ಎರಡು ತಿಂಗಳ ತಪ್ಪನ್ನು ಹೊತ್ತೀತೆ? ಆಗಲೇ ಗಾಜಿನ ಪೆಟ್ಟಿಗೆಯೊಳಗೆ ಕಪ್ಪಗೆ, ದಪ್ಪಗೆ, ಗಂಭೀರವಾಗಿ ಮಲಗಿದ್ದ ಮಹಾಶಯನೊಬ್ಬ ಕಣ್ಣಿಗೆ ಬಿದ್ದ. ಒಂದೇ ಹಿಡಿಯಲ್ಲಿ ಚಾಕು, ಸೋಡಾ ಓಪನರ್, ಸ್ಕ್ರೂಡ್ರೈವರ್, ಕಾರಿನ ಗಾಜು ಒಡೆಯುವ ಮೊಳೆ, ಸಾಲದ್ದಕ್ಕೆ ತುದಿಯಲ್ಲೊಂದು ದಿಕ್ಸೂಚಿ!

"ಅಣ್ಣ, ಅದು ಬೆಟ್ಟ ಹತ್ತೋರಿಗೆ. ದಪ್ಪ ಅಲಗು, ಎಳೇ ಕಡ್ಡಿ ಸೀಳೋಗ್ಬಿಡುತ್ತೆ," ಎಂದ ಜಹೀರ್.

"ನನ್ಗೇ ಚಾಕು ಹೇಳ್ಕೊಡ್ತೀಯಾ?"

"ಕಸಿ ಕಟ್ಟೋಕೆ ದಿಕ್ಸೂಚಿ ಯಾಕಣ್ಣ?"

"ಮಾವಿನ ಗಿಡದ ಹತ್ರ ನಿಂತೋರಿಗೆ ಉತ್ತರ ಯಾವ್ದು ಅಂತ ಗೊತ್ತಿರ್ಬೇಡ್ವಾ?"

ಜಹೀರ್ ಗಾಜಿನ ಪೆಟ್ಟಿಗೆ ತೆರೆದ. ಅದನ್ನೇ ಕಟ್ಟಿಕೊಟ್ಟ.

ಮನೆಗೆ ಬಂದಾಗ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಕೊಡುವ ಮುಂಚೆ ಪರೀಕ್ಷಿಸುವುದು ತಂದೆಯ ಕರ್ತವ್ಯ. ಮೊದಲು ಹಳೆಯ ಪೇಪರ್ ಕುಯ್ದೆ. ಸರ್ರ್! ಆಮೇಲೆ ಟೊಮೇಟೊ. ಪರವಾಗಿಲ್ಲ. ನಿಜವಾದ ಹರಿತದ ಚಾಕು ಕೈಮೇಲಿನ ಕೂದಲನ್ನು ಬೋಳಿಸಬೇಕೆಂದು ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಎಡಗೈ ಮೇಲೆ ಎಳೆದೆ. ನುಣ್ಣಗಾಯಿತು! ಆ ಉತ್ಸಾಹದಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಎಳೆದುಬಿಟ್ಟೆ.

ಧನಲಕ್ಷ್ಮಿ ಬಂದು ದಿಟ್ಟಿಸಿದಳು. "ಬಲಗೈ ನಿಮ್ದು ಅಂತ ಗೊತ್ತಾಯ್ತು. ಎಡಗೈ ಯಾರ್ದು?"

ಎರಡನ್ನೂ ಸಮ ಮಾಡಿದೆ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಆದರೆ ಕೈಯಲ್ಲಿ ಹೊಸ ಚಾಕು ಹಿಡಿದವನಿಗೆ ಲೋಕವೆಲ್ಲ ಕುಯ್ಯುವುದಕ್ಕೇ ಇದ್ದಂತೆ ಕಾಣುತ್ತದೆ! ಟೆರೇಸಿಗೆ ಹೋದೆ. ಅಲ್ಲಿ ಮೂಲೆಯ ಕುಂಡದಲ್ಲಿ ಒಂದು ಮಾವಿನ ಸಸಿ. ಯಾರೋ ಪಾಪಿಗಳು ಅದರ ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿದ್ದರು. ಉಸಿರು ಕಟ್ಟಿ ಅದರ ಎಲೆಗಳೆಲ್ಲ ಉದುರಿಹೋಗಿರಬೇಕು, ಮೇಲೆ ಬರೀ ಕಡ್ಡಿ, ಅದರ ನಡುವೆ ಒಂದಿಷ್ಟು ಹಸಿರು.

"ಬಿಡುಗಡೆ ಮಾಡ್ತೀನಿ ಕಣಮ್ಮ," ಎಂದು ಸಸಿಗೆ ಅಭಯ ಕೊಟ್ಟು ಪಟ್ಟಿಯನ್ನು ಚರಕ್ಕನೆ ಕುಯ್ದೆ. ಪಟ್ಟಿ ಬಿಚ್ಚಿಕೊಂಡಿತು. ಅದರ ಹಿಂದೆಯೇ ಮೇಲಿನ ಕಡ್ಡಿಯೂ ಕಳಚಿ ನನ್ನ ಪಾದದ ಮೇಲೆ ಬಿತ್ತು!

ಆಗ ಹೊಳೆಯಿತು. ಕಸಿ! ಮಗಳು ಮನೆಯಲ್ಲೇ ಅಭ್ಯಾಸಕ್ಕೆಂದು ಕಟ್ಟಿದ ಮೊದಲ ಕಸಿ! ದಿನಾ ಬೆಳಿಗ್ಗೆ ಅವಳು ಟೆರೇಸಿಗೆ ಓಡುತ್ತಿದ್ದುದು ಇದಕ್ಕೆ. ಚಿಗುರೊಡೆಯಿತು ಎಂದು ಮೊನ್ನೆ ಅಡುಗೆಮನೆಯಲ್ಲಿ ಕುಣಿದಿದ್ದೂ ಇದಕ್ಕೇ. ಮಣ್ಣು ಹೊರುವ ಮಾತನ್ನೇ ಅವಳು ಇನ್ನೂ ಮರೆತಿಲ್ಲ. ಈಗ ಇದು!

ಧೈರ್ಯಗೆಡಬಾರದು ಭೀಮರಾಜ! ಹರಿದ ಸೀಟನ್ನು ಜೋಡಿಸುವವನು ಹರಿದ ಗಿಡವನ್ನು ಜೋಡಿಸಲಾರನೇ? ಕಡ್ಡಿಯ ಎರಡೂ ತುದಿಯನ್ನು ಚಾಕುವಿನಿಂದ ಅಂದವಾಗಿ ಸವರಿದೆ. ಕೆಳಗೋಡಿ ರೆಕ್ಸಿನ್ ಅಂಟಿಸುವ ಸೊಲ್ಯೂಷನ್ ತಂದು ಹಚ್ಚಿದೆ. ಕೂರಿಸಿದೆ. ಮೇಲೊಂದು ಕೆಂಪು ರೆಕ್ಸಿನ್ ಪಟ್ಟಿ ಸುತ್ತಿ ಗಂಟು ಹಾಕಿದೆ. ನೋಡಿದರೆ ಆಟೋದ ಹ್ಯಾಂಡಲ್ ಇದ್ದ ಹಾಗಿತ್ತು, ಆದರೆ ಗಟ್ಟಿಮುಟ್ಟಾಗಿತ್ತು!

ಇನ್ನು ಚಾಕುವನ್ನು ಮಡಚಿ ಜೇಬಿಗಿಳಿಸಿದರೆ ಸಾಕ್ಷ್ಯವೇ ಇಲ್ಲ. ಮಡಚಲು ಹೋದೆ. ಮಡಚಲಿಲ್ಲ. ಒತ್ತಿದೆ, ತಿರುಗಿಸಿದೆ, ಬೇಡಿಕೊಂಡೆ. ಸೋಡಾ ಓಪನರ್ ಹೊರಬಂತು. ಸ್ಕ್ರೂಡ್ರೈವರ್ ಹೊರಬಂತು. ಅಲಗು ಮಾತ್ರ ಒಳಗೆ ಹೋಗಲೊಲ್ಲದು! ಎಲ್ಲ ಕೈಕಾಲುಗಳನ್ನೂ ಚಾಚಿಕೊಂಡ ಏಡಿಯಂಥ ಆಯುಧವನ್ನು ಹಿಡಿದು ನಾನು ನಿಂತಿರುವಾಗ ಮೆಟ್ಟಿಲಲ್ಲಿ ಸದ್ದಾಯಿತು. ಮೊದಲು ಕೆಳಮನೆಯ ರತ್ನಕ್ಕ, ಒಣಗಿದ ಬಟ್ಟೆ ತೆಗೆಯಲು ಬಂದವರು. ಹಿಂದೆಯೇ ನನ್ನ ಮಗಳು.

"ಅಯ್ಯಯ್ಯಪ್ಪಾ! ಧನಲಕ್ಷ್ಮೀ, ನಿನ್ ಗಂಡಂಗೆ ಏನೋ ಆಗೈತೆ ಬಾರೇ!" ಎಂದು ರತ್ನಕ್ಕ ಬಕೆಟ್ಟನ್ನು ಗುರಾಣಿಯಂತೆ ಎದೆಗೆ ಹಿಡಿದುಕೊಂಡರು.

ಮಗಳು ಚಾಕುವನ್ನು ನೋಡಲಿಲ್ಲ. ಬೋಳುಗೈಗಳನ್ನೂ ನೋಡಲಿಲ್ಲ. ನೆಟ್ಟಗೆ ಕುಂಡದ ಹತ್ತಿರ ಹೋಗಿ ಕೂತಳು. ಹೂಂ, ಉಹೂಂಗಳೂ ಇವತ್ತಿಗೆ ಮುಗಿದವು ಅಂದುಕೊಂಡೆ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ!

"ತಪ್ಪಾಯ್ತಮ್ಮ. ಕಸಿ ಅಂತ ಗೊತ್ತಾಗ್ಲಿಲ್ಲ..."

ಅವಳು ತಿರುಗಿದಳು. ಅಳುತ್ತಿರಲಿಲ್ಲ. ನಗು ತಡೆಯಲಾಗದೆ ಮುಖ ಕೆಂಪಾಗಿತ್ತು.

"ಅಪ್ಪಾ... ತಲೆಕೆಳಗೆ ಮಾಡಿ ಕೂರ್‍ಸಿದ್ದೀಯ ಕಣಪ್ಪಾ! ಚಿಗುರು ಪಾತಾಳದ್ ಕಡೆ ನೋಡ್ತೈತೆ!"

ಎರಡು ತಿಂಗಳ ಮೇಲೆ ಪೂರ್ತಿ ವಾಕ್ಯ! ಅದೂ ಎರಡೆರಡು! ನನ್ನ ಕಣ್ಣು ಯಾಕೆ ಮಂಜಾಯಿತೋ ಗೊತ್ತಿಲ್ಲ. ಬಹುಶಃ ಸೊಲ್ಯೂಷನ್ ವಾಸನೆ.

ಅವಳು ನನ್ನ ಕೈಯಿಂದ ಚಾಕು ತೆಗೆದುಕೊಂಡು ಹಿಡಿಯ ಒಳಗಿನ ಸಣ್ಣ ತಗಡನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು. ಚಟಕ್! ಮಡಚಿಕೊಂಡಿತು. "ಯಾರಿಗಪ್ಪಾ ಇದು?"

"ನಿನ್ಗೇ. ನಾಳೆ ಪ್ರಾಕ್ಟಿಕಲ್‌ಗೆ."

ಅವಳು ಚಾಕುವನ್ನು ಹಿಂದೆಮುಂದೆ ತಿರುಗಿಸಿದಳು. ಏನೋ ಹೇಳಹೊರಟು ನುಂಗಿಕೊಂಡಳು. ಆಮೇಲೆ, "ಚೆನ್ನಾಗಿದೆ. ತಗೊಂಡೋಗ್ತೀನಿ. ಈಗ ಬಾ, ಇನ್ನೊಂದ್ ಸಲ ಕಟ್ಟೋಣ," ಎಂದಳು.

ಹಿಂದಿನ ಬೀದಿಯ ಚಿಕ್ಕಬೈರಪ್ಪನವರ ಬಾದಾಮಿ ಮಾವಿನಿಂದ ಹೊಸ ಕಡ್ಡಿ ತಂದಳು. ನನ್ನ ಗಡ್ಡದ ಬ್ಲೇಡಿನಿಂದ ಸಸಿಯ ನೆತ್ತಿಯನ್ನು ಸೀಳಿ, ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಒಳಗಿಳಿಸಿದಳು. ಅವಳ ಬೆರಳು ಒಂದಿಷ್ಟೂ ನಡುಗಲಿಲ್ಲ. ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದ ನಾನು ಬಾಯಿಬಿಟ್ಟು ನೋಡಿದೆ.

"ಅಮ್ಮಾ, ಅವತ್ತು ಅಂಗಡೀಲಿ ನಾನು ಮಣ್ಣು ಗಿಣ್ಣು ಅಂದ್ನಲ್ಲ, ಅದು..."

"ಗಿಡ ನೆಟ್ಟಗ್ ಹಿಡ್ಕೊ ಅಪ್ಪಾ. ಅಲ್ಲಾಡಿಸ್ಬೇಡ."

ಹಿಡಿದುಕೊಂಡೆ. ಅಲ್ಲಾಡಲಿಲ್ಲ. ಪಟ್ಟಿ ಸುತ್ತಿ ಮುಗಿಸಿದ ಮೇಲೆ ಅವಳು ಮಣ್ಣಿನ ಕೈಯನ್ನು ನನ್ನ ಅಂಗಿಗೇ ಒರೆಸಿದಳು. ಅಂಥ ಕ್ಷಮಾದಾನ ಪತ್ರ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ!

ಸೋಮವಾರ ಸಂಜೆ ಅಂಗಡಿ ಬೇಗ ಮುಚ್ಚಿ ಬಾಗಿಲಲ್ಲೇ ಕಾದು ಕೂತೆ. ಮಗಳು ದೂರದಿಂದಲೇ ಕೈಬೀಸಿದಳು.

"ಅಪ್ಪಾ, ನಿನ್ ಚಾಕು ಇಲ್ದಿದ್ರೆ ಇವತ್ತು ಕ್ಲಾಸಲ್ಲಿ ಯಾರ್ ಕೈಲೂ ಏನೂ ಆಗ್ತಿರ್ಲಿಲ್ಲ! ಮೇಡಂ ಕೂಡಾ ಯಾರ್ ಕೊಡ್ಸಿದ್ದು ಅಂತ ಕೇಳಿದ್ರು!"

ಎದೆ ಎರಡಂಗುಲ ಉಬ್ಬಿತು! "ಧನೂ, ಒಲೆ ಆರಿಸಿ ಬಾ! ರತ್ನಕ್ಕ, ನೀವೂ ಬನ್ನಿ! ಕೇಳಿಸ್ಕೊಳ್ಳಿ ಎಲ್ರೂ! ಹೇಳಮ್ಮ, ಎಷ್ಟು ಗಿಡಕ್ಕೆ ಕಸಿ ಕಟ್ಟಿದ್ರಿ ಅದ್ರಲ್ಲಿ?"

"ಕಸಿಗೆ ನಂಗೆ ಕಾಲೇಜಿನೋರೇ ಬೇರೆ ಚಾಕು ಕೊಟ್ರಪ್ಪ, ಕಸಿ ಚಾಕಲ್ಲಿ ಬೇರೇನೂ ಕುಯ್ಯೋ ಹಾಗಿಲ್ಲ. ಇವತ್ತು ಮೇಡಂ ಬರ್ತ್‌ಡೇ. ಕೇಕ್ ತರಿಸಿದ್ವಿ."

"ಹೋಗ್ಲಿ ಬಿಡು, ಕೇಕ್ ಕುಯ್ಯೋದೇನ್ ಸಾಮಾನ್ಯಾನಾ? ನನ್ ಚಾಕಲ್ಲಿ ಕುಯ್ದ್ರಲ್ಲ!"

ಮಗಳು ಮರುಕದಿಂದ ನನ್ನ ಬೋಳುಗೈ ಸವರಿದಳು.

"ಕೇಕಲ್ಲಪ್ಪಾ. ಡಬ್ಬಕ್ಕೆ ದಾರ ಕಟ್ಟಿದ್ರು, ಅದನ್ನ ಕುಯ್ದಿದ್ದು. ಕೇಕ್ ಕುಯ್ಯೋಕೆ ಬೇಕ್ರಿಯವ್ನೇ ಪ್ಲಾಸ್ಟಿಕ್ ಚಾಕು ಇಟ್ಟಿದ್ದ."