‘ಇನ್ಯೂರ್’ ಮತ್ತು ನಲವತ್ತೆಂಟು ಬನ್ನು

ಈ ಸಲದ ಚಳಿಗಾಲವನ್ನು ಗೆದ್ದೇ ತೀರುವೆನೆಂದು ಅಮೆರಿಕದ ಡುಲೂತ್ ಪಟ್ಟಣದ ಸಮಸ್ತ ಹಿಮರಾಶಿಯ ಸಾಕ್ಷಿಯಲ್ಲಿ ಘೋಷಿಸಿದೆ. ನಲವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನಿಗೆ ಶಪಥ ಮಾಡಲೂ ಒಂದು ಅಪರೂಪದ ಕ್ರಿಯಾಪದ ಬೇಕು. ಸಿಕ್ಕಿತು: ‘ಇನ್ಯೂರ್’.

“ಹಂಗಂದ್ರೆ?” ಎಂದಳು ಹೆಂಡತಿ ಆರ್ಡಿಸ್.

“ಕಷ್ಟಕ್ಕೆ ಮೈಯನ್ನ ರೂಢಿ ಮಾಡೋದು. ಹಳೇ ಫ್ರೆಂಚಿನ ‘ಕೆಲಸ’ ಅನ್ನೋ ಪದದಿಂದ ಹುಟ್ಟಿದ್ದು. ಕೆಲಸಕ್ಕೆ ಹಚ್ಚಿ ಹಚ್ಚಿ ಪಳಗಿಸೋದು.”

“ಹಂಗಾದ್ರೆ ಬಾಗಿಲ ಮುಂದಿನ ಹಿಮ ಎತ್ತು, ವರ್ನ್.”

ವಿದ್ವತ್ತಿಗೆ ಮನೆಯಲ್ಲಿ ಬೆಲೆಯಿಲ್ಲ. ಮನೆ ಬಿಸಿಮಾಡುವ ಯಂತ್ರವನ್ನು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ನಿಂದ ಐವತ್ತೈದಕ್ಕೆ ಇಳಿಸಿದೆ. ಮೂರು ರಾತ್ರಿ ಹಲ್ಲು ಕಟಕಟ ಎಂದವು. ನಾಲ್ಕನೆಯ ರಾತ್ರಿಯಿಂದ ಹಾಸಿಗೆಯಲ್ಲಿ ಚಳಿಯ ಸುಳಿವೇ ಇಲ್ಲ! ಚರ್ಚಿನಲ್ಲಿ, ಅಂಚೆ ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ಪದದ ಜಾತಕ ಓದಿ ಹೇಳಿದೆ.

ಶನಿವಾರ ಆರ್ಡಿಸ್, ಚರ್ಚಿನ ಭಾನುವಾರದ ಊಟಕ್ಕೆಂದು ನಲವತ್ತೆಂಟು ಬನ್ನಿನ ಹಿಟ್ಟು ನಾದಿಟ್ಟು, ಅಲ್ಲಿ ಮೇಜು ಜೋಡಿಸಲು ಹೊರಟಳು.

“ಹಿಟ್ಟು ಉಬ್ಬಿದ ತಕ್ಷಣ ಫೋನ್ ಮಾಡು. ಹೋದ ವರ್ಷ ನಮ್ಮ ಚರ್ಚಿನ ಲವಾನ್ ಮಾಡಿದ ಬನ್ನು ಕಲ್ಲಾಗಿತ್ತು ಅಂತ ಇವತ್ತಿಗೂ ನಗ್ತಾರೆ. ನನ್ನ ಮಾನ ನಿನ್ನ ಕೈಲಿದೆ.”

ಎರಡು ಗಂಟೆ ಕಳೆದರೂ ಹಿಟ್ಟು ಅಲುಗಲಿಲ್ಲ. ಯಂತ್ರದ ಬಿಸಿ ಏರಿಸಿದರೆ ಶಪಥಭಂಗ. ನಿಜಕ್ಕೂ ಹೆದರಿದೆ. ಆಗ ಹೊಳೆಯಿತು: ಇಡೀ ಮನೆಯಲ್ಲಿ ಬೆಚ್ಚಗಿರುವುದು ನಾನು ಮಲಗುವ ಹಾಸಿಗೆಯೊಂದೇ. ಮುಟ್ಟಿ ನೋಡಿದೆ, ಪಳಗಿದ ನನ್ನ ದೇಹದ ಕಾವು ಮಧ್ಯಾಹ್ನವಾದರೂ ಆರಿರಲಿಲ್ಲ. ಹಿಟ್ಟಿನ ಬೋಗುಣಿಯನ್ನು ಅಲ್ಲಿಟ್ಟು, ರಜಾಯಿ ಹೊದಿಸಿ, ಪಕ್ಕದ ಕುರ್ಚಿಯಲ್ಲಿ ಕಾವಲು ಕೂತೆ. ಕೂತವನು ನಿದ್ದೆಹೋದೆ.

ಎಚ್ಚರವಾದಾಗ ಆರ್ಡಿಸ್ ಎದುರಿಗಿದ್ದಳು. ಹಿಟ್ಟು ಬೋಗುಣಿ ದಾಟಿ, ದಿಂಬು ನುಂಗಿ, ಮಂಚದಿಂದ ಇಳಿಯುತ್ತಿತ್ತು.

“ನೋಡಿದ್ಯಾ, ನನ್ನ ಮೈಕಾವು,” ಎಂದೆ.

ಅವಳು ನನ್ನ ಬದಿಯ ಹಾಸುಬಟ್ಟೆ ಎತ್ತಿದಳು. ಅಡಿಯಲ್ಲಿ ಕರೆಂಟಿನಿಂದ ಬಿಸಿಯಾಗುವ ಕಂಬಳಿ. ಅದರ ತಂತಿ ಮಂಚದ ಕೆಳಗಿನಿಂದ ಅವಳ ಬದಿಯ ಸ್ವಿಚ್ಚಿಗೆ ಹೋಗಿತ್ತು.

“ನಾಲ್ಕನೇ ರಾತ್ರಿ ಹಾಕಿದ್ದು. ನಿನ್ನ ಹಲ್ಲಿನ ಸದ್ದಿಗೆ ನಂಗೆ ನಿದ್ದೆ ಬರ್ತಿರ್ಲಿಲ್ಲ ಮಾರಾಯ. ಇವತ್ತು ಬೆಳಿಗ್ಗೆ ಆರಿಸೋದು ಮರೆತೆ.”

ನಾಚಿಕೆಯಾಯಿತು. ಆದರೂ ಮೇಷ್ಟರ ಬಾಯಿ, ಏನೋ ಹೇಳಲು ತೆರೆಯಿತು.

“ಆ ಪದದ ಮೂಲ ‘ಕೆಲಸ’ ಅಂದ್ಯಲ್ಲ, ಸರಿಯಾಗೇ ಇದೆ,” ಎಂದಳು. “ಕೆಲಸ ಕಂಬಳಿ ಮಾಡ್ತು, ಭಾಷಣ ನೀನು ಮಾಡ್ದೆ. ಈಗ ಏಳು, ನಲವತ್ತೆಂಟು ಬನ್ನಿಗೆ ಹೊಸ ಹಿಟ್ಟು ನಾದು. ಭಾಷಣ ನಾನು ಮಾಡ್ತೀನಿ.”