ಮಾವನ ಮೂರು ಡಬ್ಬಿಗಳು

"ಈ ಮೂರು ಡಬ್ಬಿ ಕೂಡಿ ಹಾಡೂದು ಈ ಜನ್ಮದಾಗ ಆಗೂದಿಲ್ಲ!" ಎಂದು ಸಾರಿದವಳು ನಮ್ಮ ಅತ್ತೆ. ರಾಯಚೂರಿನ ಮನೆಯಲ್ಲಿ, ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು, ಗಂಡನ ಎದುರಿಗೇ ಸಾರಿದಳು. ಆ ಗಂಡ ಎಂದರೆ ನನ್ನ ಸೋದರಮಾವ. ಸ್ಪೀಕರಿಗೆ ಕುರ್ಚಿ ಕೊಟ್ಟು ತಾನು ನೆಲದ ಮೇಲೆ ಅಂಬೆಗಾಲಿಟ್ಟ ಗಂಡಸು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು!

ಮಾವ ಹತ್ತಿ ಮಿಲ್ಲಿನ ಕೆಲಸಗಾರ. ಯಂತ್ರಗಳ ಸದ್ದಿನಲ್ಲಿ ಕಿವಿ ಮಂದವಾಗಿದೆ. ಫೋನಿನಲ್ಲಿ ಮಾತಾಡುತ್ತಿರುವುದು ಸೊಳ್ಳೆಯೋ ಸಂಬಂಧಿಕರೋ ಅವನಿಗೆ ತಿಳಿಯದು. ದೇವದುರ್ಗದಿಂದ ಬಂದ ನಾನು ಅವನ ಮನೆಯಲ್ಲಿದ್ದುಕೊಂಡೇ ಕಾಲೇಜು ಕಲಿತೆ. ತಂದೆಯ ಕಡೆ, ತಾಯಿಯ ಕಡೆ ಎರಡೂ ಮನೆತನಗಳಲ್ಲಿ ಮೊದಲ ಪದವಿ ನನ್ನದು. ಹೆಮ್ಮೆಯಿದೆ, ಯಾಕೆ ಮುಚ್ಚಿಡಲಿ? ಘಟಿಕೋತ್ಸವಕ್ಕೆ ಇಬ್ಬರನ್ನಷ್ಟೇ ಕರೆತರಬಹುದು ಎಂದು ಕಾಲೇಜಿನವರು ಕೊನೆಯ ಪರೀಕ್ಷೆಗೆ ಮೊದಲೇ ಹೇಳಿದ್ದರು. ಆ ಎರಡು ಜಾಗ ಅಪ್ಪ, ಅವ್ವನ ಪಾಲಾಯಿತು.

"ಇರ್ಲಿ ಬಿಡವ್ವಾ, ವಿಡಿಯೋ ಹಿಡ್ಕೊಂಡು ಬರ್ರಿ, ನಾ ಮನ್ಯಾಗ ಕೇಳ್ತೀನಿ. ಅಲ್ಲಿ ನಿನ್ನ ಹೆಸರು ಹೆಂಗ ಕೂಗ್ತಾರೋ, ಇಲ್ಲಿ ನನ್ನ ಕಿವಿಗಿ ಹಂಗ ಬೀಳಬೇಕು" ಎಂದ ಮಾವ. ಅಲ್ಲಿಂದ ಶುರುವಾಯಿತು.

ಮೊದಲು ಬಂದವು ಎರಡು ಸಣ್ಣ ಸ್ಪೀಕರುಗಳು. ಇವಕ್ಕೆ ಬುಕ್‌ಶೆಲ್ಫ್ ಸ್ಪೀಕರ್ ಅಂತಾರೆ ಎಂದು ಅಂಗಡಿಯವನು ಹೇಳಿದ್ದೇ ತಪ್ಪಾಯಿತು. "ಹಂಗಾರ ಪುಸ್ತಕದ ಮ್ಯಾಲೇ ಇಡಬೇಕು!" ಮನೆಯಲ್ಲಿದ್ದ ಪುಸ್ತಕಗಳೆಂದರೆ ನನ್ನವೇ. ಎಡಕ್ಕೆ ಚರಿತ್ರೆ, ಬಲಕ್ಕೆ ಅರ್ಥಶಾಸ್ತ್ರ. ಪರೀಕ್ಷೆಗೆಂದು ಬಲಗಡೆಯಿಂದ ಒಂದು ಪುಸ್ತಕ ಎಳೆದುಕೊಂಡೆನೋ ಇಲ್ಲವೋ, ಮಾವ ಹೌಹಾರಿದ. "ಯವ್ವಾ, ಬಲಗಡಿಯಾವ ಕುಂತುಬಿಟ್ನಲ್ಲ! ಜಲ್ದಿ ಓದಿ ಇಟ್ಟುಬಿಡು!"

ನಾನು ಪಾಸಾಗಿದ್ದರ ಅರ್ಧ ಶ್ರೇಯಸ್ಸು ಈ ಅವಸರಕ್ಕೇ ಸಲ್ಲಬೇಕು.

ಆ ಸಣ್ಣವು ಹಾಡುತ್ತಿದ್ದವು ನಿಜ, ಆದರೆ ಡೊಳ್ಳು ಬಾರಿಸಿದರೆ ತಗಡು ತಟ್ಟಿದಂತೆ ಕೇಳುತ್ತಿತ್ತು. ದಪ್ಪ ಸದ್ದಿಗೆಂದೇ ಜೋಳದ ಡಬ್ಬಿಯಷ್ಟು ದೊಡ್ಡ ಸಬ್‌ವೂಫರ್ ಬಂತು. ಮಾವನ ಪ್ರಕಾರ ಗುಂಡಿ ಅಂತ ಒಂದಿದ್ದರೆ ಅದನ್ನು ಪೂರ್ತಿ ತಿರುಗಿಸಬೇಕು, ಅರ್ಧಕ್ಕೆ ನಿಲ್ಲಿಸುವುದಾದರೆ ಅದನ್ನು ಯಾಕೆ ಮಾಡಿದರು? ತಿರುಗಿಸಿದ. ಅಡುಗೆಮನೆಯ ತಾಟುಗಳೆಲ್ಲ ಗಲಗಲ ಎಂದವು. ಪಕ್ಕದ ಮನೆಯ ಚಾಚಿ ಗೋಡೆಯ ಮೇಲಿಂದ ಇಣುಕಿದಳು. "ಭಾಬಿ, ಟ್ರ್ಯಾಕ್ಟರ್ ಮನಿ ಒಳಗ ನಿಲ್ಲಿಸೀರೇನು?"

ಮಾವ ಸೋಲಲಿಲ್ಲ. ಮೊಬೈಲಿನಲ್ಲಿ ಯಾರೋ ಉಪಾಯ ಹೇಳಿದ್ದರು: ನೀವು ಕೂರುವ ಜಾಗದಲ್ಲಿ ದೊಡ್ಡ ಡಬ್ಬಿ ಇಡಿ, ನೆಲದ ಮೇಲೆ ತೆವಳುತ್ತ ಹೋಗಿ, ದಪ್ಪ ಸದ್ದು ಎಲ್ಲಿ ಚೆನ್ನಾಗಿ ಕೇಳುತ್ತದೋ ಡಬ್ಬಿಗೆ ಅದೇ ಜಾಗ. ಸರಿ, ಡಬ್ಬಿ ಕುರ್ಚಿ ಏರಿತು. ಮಾವ ಲುಂಗಿ ಎತ್ತಿ ಕಟ್ಟಿ ನೆಲಕ್ಕಿಳಿದ. ಅಷ್ಟರಲ್ಲಿ ಚಾಚಿ ಬಂದಳು. ಪಾಪ, ಉಂಗುರವೇ ಬಿದ್ದಿದೆ ಎಂದುಕೊಂಡು ಮಾತಿಲ್ಲದೆ ಅವಳೂ ಮಂಚದ ಕೆಳಗೆ ಹುಡುಕತೊಡಗಿದಳು!

ಕೊನೆಗೆ ಆ ಜಾಗ ಸಿಕ್ಕಿತು. ಎಲ್ಲಿ? ಅತ್ತೆ ಕೂತು ರೊಟ್ಟಿ ಬಡಿಯುವ ಮೂಲೆಯಲ್ಲಿ!

"ಅಲ್ಲಿ ಅದರ ಕುಂದ್ರಬೇಕು, ಇಲ್ಲಾ ನಾನರ ಕುಂದ್ರಬೇಕು. ನಾ ಮಾನ್ವಿಗಿ ಹೋಗ್ತೀನಿ!" ಮಾನ್ವಿ ಅತ್ತೆಯ ತವರು.

"ಒಂದು ಗೇಣು ಸರದ್ರ ಸಾಕಲ್ಲೇ. ಹುಡುಗಿ ಹೆಸರು ಕೇಳೂದೈತಿ."

ಅತ್ತೆ ಬೈಯುತ್ತಲೇ ಒಂದು ಗೇಣು ಸರಿದಳು.

ಘಟಿಕೋತ್ಸವ ಮುಗಿಸಿ ಸಂಜೆ ಬಂದೆ. ಅಪ್ಪ ಹಿಡಿದ ವಿಡಿಯೋದಲ್ಲಿ ಕಾಣುವುದು ಅಪ್ಪನ ಹೆಬ್ಬೆರಳೊಂದೇ. ಸದ್ದು ಮಾತ್ರ ಪೂರ್ತಿ ಇತ್ತು. ಮಾವ ಕುರ್ಚಿಯ ಮೇಲೆ ನೆಟ್ಟಗೆ ಕೂತ. ಫೋನನ್ನು ಡಬ್ಬಿಗಳಿಗೆ ಜೋಡಿಸಿ ವಿಡಿಯೋ ಹಚ್ಚಿದೆ. ಹೆಸರು ಕೂಗುವವರು ನೆಲದಡಿಯ ಹಗೇವಿನೊಳಗೆ ಇಳಿದು, ಜೋಳದ ರಾಶಿಯಲ್ಲಿ ಹೂತುಕೊಂಡು ಮಾತಾಡಿದಂತೆ ಅತ್ತೆಯ ಮೂಲೆಯಿಂದ ಬರೀ ಗುಂಯ್ ಗುಂಯ್.

"ನಿನ್ನ ಹೆಸರು ಬಂತೇನವ್ವಾ?"

"ಬಂದು ಹೋತು ಮಾವ."

ಅವನ ಮುಖ ನೋಡಲಾಗಲಿಲ್ಲ. ಮತ್ತೆ ಹಚ್ಚಿದೆ. ಮತ್ತೆ ಗುಂಯ್. ಆಗ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: "ಎಲ್ಲಾ ಇದೊಂದೇ ಮಾತಾಡಾಕತ್ತದಲ್ರೀ! ಮಾತು ಸಣ್ಣವು ಆಡ್ಲಿ. ಇದು ಬರೇ ಹೂಂ ಅನ್ಲಿ, ಸಾಕು."

ದೊಡ್ಡ ಡಬ್ಬಿ ಎಲ್ಲಿಯವರೆಗೆ ಬಾಯಿ ಹಾಕಬೇಕು ಎಂದು ತೀರ್ಮಾನಿಸುವ ಗುಂಡಿಯೊಂದು ಅದರ ಬೆನ್ನಿಗಿದೆ. ಜೀವನದಲ್ಲಿ ಮೊದಲ ಸಲ ಮಾವ ಒಂದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ, ಮೆಲ್ಲಗೆ. ಮಾತು ಅತ್ತೆಯ ಮೂಲೆ ಬಿಟ್ಟೆದ್ದು ಬಂದು ಸಣ್ಣ ಸ್ಪೀಕರುಗಳ ನಡುವೆ, ನಮ್ಮೆದುರಿಗೇ ನಿಂತಿತು. ನನ್ನ ಹೆಸರು ಬಂತು. ಹಿಂದೆಯೇ ಸಭೆಯ ಚಪ್ಪಾಳೆ ನೆಲದಗುಂಟ ಹರಿದು ನಮ್ಮ ಪಾದ ಮುಟ್ಟಿತು.

ನಾನು ಪದವಿ ಪ್ರಮಾಣಪತ್ರವನ್ನು ಮಾವನ ಮುಂದೆ ಹಿಡಿದೆ. ಎರಡೂ ಕೈ ಲುಂಗಿಗೆ ಒರೆಸಿಕೊಂಡು, ಅಂಚಷ್ಟೇ ಹಿಡಿದು ಇಸಿದುಕೊಂಡ.

"ಮಿಲ್ಲಿನ್ಯಾಗ ಬಾಜೂಕ ನಿಂತು ಕರದ್ರೂ ನನಗ ಕೇಳಸೂದಿಲ್ಲ. ಇದು ಕೇಳಿಸ್ತವ್ವಾ" ಎಂದ. ಎದ್ದು ಕುರ್ಚಿ ಬಿಟ್ಟುಕೊಟ್ಟ. "ಇನ್ನೊಮ್ಮಿ ಹಚ್ಚು. ಈ ಸಲ ನಿಮ್ಮತ್ತಿನ ಇಲ್ಲಿ ಕುಂದ್ರಸು. ದಿನಾ ನಸುಕಿನ್ಯಾಗ ಎದ್ದು ನಿನಗ ರೊಟ್ಟಿ ಕಟ್ಟಿ ಕಳಿಸ್ದಾಕಿ ಆಕಿ."